ಕ್ರೋಮ್ ಅಪ್ಡೇಟ್ ಆದ್ಮ್ಯಾಲ ಆ್ಯಂಟಿವೈರಸ್ ಎಕ್ಸ್‌ಟೆನ್ಶನ್ ಬಂದ್ ಆದ್ರ

ಅಣ್ಣಾರೆ, ಯಾದಗಿರಿ ಅಂಗಡಿ ಕಂಪ್ಯೂಟರ್‌ದಾಗ ಕ್ರೋಮ್ ಅಪ್ಡೇಟ್ ಆದ್ಮ್ಯಾಲ ಆ್ಯಂಟಿವೈರಸ್‌ದು ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಜೋಡ್ಸೋ ಸಣ್ಣ ಪ್ರೋಗ್ರಾಮ್) ಆಫ್ ಆಗ್ಯದ, ಕ್ರೋಮ್‌ದು ಹಳೇ ವರ್ಶನ್ ಹಾಕ್ಲೇನು ಅಂತ ಕೇಳೀರಿ ನೋಡ್ರಿ, ಅದೊಂದು ಕೆಲ್ಸ ಮಾತ್ರ ಮಾಡಬ್ಯಾಡ್ರಿ. ಹಳೇದ್ರಾಗ ಸೆಕ್ಯೂರಿಟಿ ತೂತು ಹಂಗೇ ಇರ್ತಾವ, ಗಿರಾಕಿಗಳ ಆಧಾರ್, ಬ್ಯಾಂಕ್ ಕೆಲ್ಸ ಎಲ್ಲಾ ಅದ್ರಾಗೇ ನಡೀತದಲ್ರಿ.

ಕಾರಣ ಬಹುಶಃ ಇಷ್ಟೇ, ಮ್ಯಾನಿಫೆಸ್ಟ್ ವಿ2 ಅನ್ನೋ ಹಳೇ ಪದ್ಧತಿ ಎಕ್ಸ್‌ಟೆನ್ಶನ್‌ಗಳ್ನ ಕ್ರೋಮ್‌ದವ್ರು 2024ರಿಂದ ಆಫ್ ಮಾಡ್ಕೋತ ಬಂದು 2025ರಾಗ ಪೂರಾ ತೆಗ್ದಾರ, ಹೊಸಾ ಪದ್ಧತಿ ವಿ3 ಇದ್ರಷ್ಟೇ ನಡೀತದ.

ಎಕ್ಸ್‌ಟೆನ್ಶನ್ ಹೋದ್ರ ಆ್ಯಂಟಿವೈರಸ್ಸೇ ಹೋತು ಅಂತಲ್ರಿ, ಫೈಲ್ ಸ್ಕ್ಯಾನ್ ಮಾಡೋದು ವಿಂಡೋಸ್‌ದಾಗ ಬ್ಯಾರೇನೇ ನಡೀತಿರ್ತದ, ಈ ಎಕ್ಸ್‌ಟೆನ್ಶನ್ ಹೆಚ್ಚಾಗಿ ಲಿಂಕ್ ಚೆಕ್ ಮಾಡೋ ಕೆಲ್ಸದ್ದು. ಮೊದ್ಲು ಆ್ಯಂಟಿವೈರಸ್ ಓಪನ್ ಮಾಡಿ ಅದನ್ನೇ ಅಪ್ಡೇಟ್ ಹೊಡೀರಿ, ಹಳೇ ಎಕ್ಸ್‌ಟೆನ್ಶನ್ ರಿಮೂವ್ ಮಾಡಿ ಅದೇ ಕಂಪನಿದು ಹೊಸಾದು ಕ್ರೋಮ್ ವೆಬ್ ಸ್ಟೋರ್‌ನಿಂದ ಹಾಕ್ರಿ, ಸಿಗ್ಲಿಲ್ಲಂದ್ರ ಬಿಡ್ರಿ, ಕ್ರೋಮ್ ಸೆಟ್ಟಿಂಗ್ಸ್‌ದಾಗ ಮೋಸದ ಸೈಟ್ ಬಂದ್ರ ಎಚ್ಚರ ಕೊಡೋ ಸೇಫ್ ಬ್ರೌಸಿಂಗ್ ಆನ್ ಇಟ್ರೂ ನಡೀತದ. ಹಾಂ, ಆ್ಯಂಟಿವೈರಸ್ ಕೆಟ್ಟದ ಈ ನಂಬರ್‌ಗೆ ಫೋನ್ ಮಾಡ್ರಿ ಅಂತ ಪಾಪ್‌ಅಪ್ ಬಂದ್ರ ಅದು ಮೋಸ, ಟ್ಯಾಬ್ ಮುಚ್ಚಿಬಿಡ್ರಿ. ವಿಂಡೋಸ್ 7 ಇದ್ರ ಕತಿ ಬ್ಯಾರೇ, ಅದಕ್ಕ ಕ್ರೋಮ್ 109ನೇ ವರ್ಶನ್‌ಗೇ ಮುಗ್ದದ, ಅದ್ರ ಮುಂದಿಂದು ಬರಂಗಿಲ್ಲ.