ಆಲ್ಕೈ ಕಲ್ಲಿನ ಮೇಲೆ ಒಬ್ಬಳ ಹೆಸರು

ತಂಗಿ, ಸಿಯಾಟಲ್‌ಗೆ ಬಂದು ಐದು ವಾರ ಆಯ್ತು, ಗಂಡ ಆಫೀಸಿಗೆ ಹೋದಮೇಲೆ ಕಿಟಕಿ ಹತ್ತಿರ ಕೂತರೆ ಅಳು ಬರುತ್ತದೆ, ಎಲ್ಲರಿಗೂ ಹೀಗೇನಾ ಅಂತ ಕೇಳಿದ್ದೀರಿ. ಹೌದು, ನನಗೂ ಹೀಗೇ ಆಗಿತ್ತು. ನಾನು ತೀರ್ಥಹಳ್ಳಿ ಕಡೆಯವಳು. ಆಗುಂಬೆ ಮುಂದೆ ಇಲ್ಲಿನ ಮಳೆ ಲೆಕ್ಕಕ್ಕೇ ಇಲ್ಲ. ಆದರೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತಲ್ಲ, ಮೊದಲ ವರ್ಷ ನನ್ನನ್ನು ಹೈರಾಣ ಮಾಡಿದ್ದು ಅದು.

ಮನೆ ಡೆನ್ನಿ ವೇ ರಸ್ತೆ ಹತ್ತಿರ ಅಂದಿರಲ್ಲ, ಆ ರಸ್ತೆಗೆ ಹೆಸರು ಬಂದ ಡೆನ್ನಿ ಮನೆತನಕ್ಕೆ ಸೇರಿದ ಹೆಂಗಸೊಬ್ಬಳ ವಿಷಯ ಹೇಳುತ್ತೇನೆ. ಹೆಸರು ಲೂಯಿಸಾ ಬೋರೆನ್. ಇಲಿನಾಯ್‌ನಿಂದ ಗಾಡಿ ಕಟ್ಟಿಕೊಂಡು ಹೊರಟ ಗುಂಪಿನ ಜೊತೆ, ಕೊನೆಗೆ ಹಡಗು ಹತ್ತಿ, 1851ರ ನವೆಂಬರ್ 13ಕ್ಕೆ ಇಲ್ಲಿನ ಆಲ್ಕೈ ದಂಡೆಯಲ್ಲಿ ಇಳಿದಳು. ವಯಸ್ಸು 24, ಮದುವೆ ಆಗಿರಲಿಲ್ಲ. ಸುರಿಯುವ ಮಳೆ. ಅದೇ ಗುಂಪಿನಿಂದ ಮುಂಚೆ ಬಂದಿದ್ದ ಡೇವಿಡ್ ಡೆನ್ನಿ ಕಾಯಿಲೆ ಬಿದ್ದಿದ್ದ, ಕಟ್ಟುತ್ತಿದ್ದ ಮನೆಗೆ ಸೂರೇ ಇಲ್ಲ. ಹೆಂಗಸರು ಅತ್ತುಬಿಟ್ಟರು. ಊರು ಕಟ್ಟಿದವರೂ ಮೊದಲ ದಿನ ಮಾಡಿದ್ದು ಅದೇ!

ಲೂಯಿಸಾಳ ಅಕ್ಕ ಮೇರಿಗೆ ಎರಡು ತಿಂಗಳ ಕೂಸಿತ್ತು, ಎದೆಹಾಲು ಬರುತ್ತಿರಲಿಲ್ಲ. ಕಪ್ಪೆಚಿಪ್ಪಿನ ರಸ ಕುಡಿಸು ಅಂತ ಅಲ್ಲಿನ ಮೂಲನಿವಾಸಿ ಹೆಂಗಸೊಬ್ಬಳು ಹೇಳಿಕೊಟ್ಟಳಂತೆ. ಕೂಸು ಬದುಕಿತು. ಇದನ್ನು ಮರೆತು ಖಾಲಿ ಕಾಡಿಗೆ ಬಂದ ಧೀರರು ಅಂತ ಹೊಗಳುವುದು ನನಗೆ ಹಿಡಿಸುವುದಿಲ್ಲ. ಅದು ದುವಾಮಿಶ್ ಜನರ ನೆಲ. ಊರಿನ ಹೆಸರೂ ಅವರ ನಾಯಕನದೇ.

1853ರ ಜನವರಿಯಲ್ಲಿ ಲೂಯಿಸಾ ಅದೇ ಡೇವಿಡ್‌ನನ್ನು ಮದುವೆಯಾದಳು. ಹೊಸಬರ ಊರಿನಲ್ಲಿ ಅದೇ ಮೊದಲ ಮದುವೆ. ತವರಿನಿಂದ ತಂದಿದ್ದ ಕಾಡುಗುಲಾಬಿ ಬೀಜವನ್ನು ಮನೆ ಮುಂದೆ ಬಿತ್ತಿದಳು. (ನೀವು ಮಾತ್ರ ಬ್ಯಾಗಿನಲ್ಲಿ ಕರಿಬೇವು ತರಿಸಬೇಡಿ, ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ.) ನೆಲದ ಜಗಳ ಬೆಳೆದು 1856ರಲ್ಲಿ ಊರಿನ ಮೇಲೆ ದಾಳಿಯಾದಾಗ, ಒಲೆಯಲ್ಲಿದ್ದ ಬಿಸ್ಕತ್ತನ್ನು ಏಪ್ರನ್ನಿಗೆ ಸುರಿದುಕೊಂಡು ಪುಟ್ಟ ಮಗಳ ಜೊತೆ ಕೋಟೆಗೆ ಓಡಿದಳು. ಹಸಿವು ಗೊತ್ತಿದ್ದವಳು, ಅಲ್ವಾ? ಮುಂದೆ ಭಾರಿ ಶ್ರೀಮಂತಿಕೆ ಬಂತು, 1893ರ ಆರ್ಥಿಕ ಕುಸಿತದಲ್ಲಿ ಅದೂ ಹೋಯಿತು. ಅವಳು ತೀರಿಕೊಂಡಿದ್ದು 1916ರಲ್ಲಿ.

ವೀಸಾ ಕಾಗದದಲ್ಲಿ 'ಡಿಪೆಂಡೆಂಟ್' ಅಂತ ಓದಿದಾಗ ಚುಚ್ಚಿತು ಅಂದಿರಿ. ನನಗೂ ಆ ಪದ ಬಹಳ ವರ್ಷ ಚುಚ್ಚಿದೆ. ಕೆಲಸದ ಪರವಾನಗಿ ಸಿಗುವವರೆಗೆ ಲೈಬ್ರರಿ ಕಾರ್ಡ್ ಮಾಡಿಸಿ, ಬಸ್ಸಿನ ಆರ್ಕಾ ಕಾರ್ಡ್ ತಗೊಳ್ಳಿ. ಡಾಕ್ಟರ್ ಹತ್ತಿರ ವಿಟಮಿನ್ ಡಿ ಕೇಳಿ. ಅಳು ಜಾಸ್ತಿ ದಿನ ನಿಲ್ಲದಿದ್ದರೆ ಅದನ್ನೂ ಅವರಿಗೆ ಹೇಳಿ, ನಾಚಿಕೆ ಬೇಡ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ನೋಡುತ್ತಿರಿ.

ಈ ವಾರ ಜಾಕೆಟ್ ಹಾಕಿಕೊಂಡು ಒಬ್ಬರೇ ಆಲ್ಕೈಗೆ ಹೋಗಿಬನ್ನಿ. ಅಲ್ಲೊಂದು ಕಲ್ಲಿನ ಕಂಬವಿದೆ, 1905ರದ್ದು. ಬಂದಿಳಿದವರ ಹೆಸರು ಕೆತ್ತಿದ್ದಾರೆ. ಗಂಡಂದಿರ ಹೆಸರು, ಮುಂದೆ 'ಅಂಡ್ ವೈಫ್' ಅಷ್ಟೇ. ಮೇರಿಯೂ ಬರೀ 'ಅಂಡ್ ವೈಫ್'. ಆ ದಿನ ಮದುವೆ ಆಗಿರಲಿಲ್ಲವಲ್ಲ, ಲೂಯಿಸಾಳ ಹೆಸರು ಮಾತ್ರ ಪೂರ್ತಿ ಇದೆ. ಹುಡುಕಿ ನೋಡಿ.