ಅರೆಮಂಡಿ ಕಲಿತ ಕಾಲಿಗೆ ಜಾಜ್ ಹೊಂದುತ್ತಾ?

ತಂಗೀ, ಮೈಸೂರಲ್ಲಿ ಹನ್ನೆರಡು ವರ್ಷ ಅರೆಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ನಿಲುವು) ಹಾಕಿ ಭರತನಾಟ್ಯ ಕಲಿತು, ಮದುವೆಯಾಗಿ ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಮೂರು ತಿಂಗಳಾಯ್ತು, ಹಗಲೆಲ್ಲ ಮನೆ ಬಿಕೋ ಅನ್ನುತ್ತೆ ಅಂದೆ. ಹತ್ತಿರದ ಜಾಜ್ ಡ್ಯಾನ್ಸ್ ಕ್ಲಾಸಿಗೆ ಸೇರಿದರೆ ಕಲಿತ ವಿದ್ಯೆ ಕೆಡುತ್ತಾ ಅಂತ ಕೇಳಿದೆ. ಸೇರು, ಧೈರ್ಯವಾಗಿ ಸೇರು. ಕಾಗದಪತ್ರದ ಮಾತು ಮೊದಲೇ ಹೇಳಿಬಿಡ್ತೀನಿ: ಗಂಡನ ಕೆಲಸದ ವೀಸಾ ಮೇಲೆ ನಿನಗೆ ಸಿಗೋ ಎಚ್-4 ವೀಸಾದಲ್ಲಿ ಕಲಿಯೋಕೆ ಅಡ್ಡಿಯಿಲ್ಲ. ಕೆಲಸದ ಅನುಮತಿ ಬರೋವರೆಗೆ ದುಡ್ಡು ತಗೊಂಡು ಪಾಠ ಹೇಳಬೇಡ, ಪಕ್ಕದ ಮನೆ ಮಕ್ಕಳಿಗೂ ಬೇಡ.

ಇಪ್ಪತ್ತೊಂದು ವರ್ಷದ ಹಿಂದೆ ನಾನು ಸೇರಿದ್ದು ನೆಲಕ್ಕೋಸ್ಕರ. ಅಪಾರ್ಟ್‌ಮೆಂಟಲ್ಲಿ ತಟ್ಟಡವು (ನೆಲಕ್ಕೆ ಕಾಲು ತಟ್ಟೋ ಹೆಜ್ಜೆ) ಮಾಡಿದರೆ ಕೆಳಗಿನ ಮನೆಯವರು ದೂರು ಕೊಡ್ತಿದ್ದರು. ಕಾಲು ತಟ್ಟೋಕೆ ಮರದ ನೆಲ ಇದ್ದ ಜಾಗ ಅಂದರೆ ಆ ಸ್ಟುಡಿಯೋ ಒಂದೇ. ಮೊದಲ ದಿನ ತಲೆ, ಭುಜ, ಪಕ್ಕೆಲುಬು, ಸೊಂಟ ಒಂದೊಂದನ್ನೇ ಬೇರೆಬೇರೆಯಾಗಿ ಆಡಿಸೋಕೆ ಹೇಳಿದರು. ಅದಕ್ಕೆ ಐಸೊಲೇಷನ್ ಅಂತಾರೆ. ಭರತನಾಟ್ಯದ ಅಟ್ಟಮಿ (ಕತ್ತನ್ನ ಅಕ್ಕಪಕ್ಕ ಜರುಗಿಸೋದು) ಮಾಡಿ ಪಳಗಿದ ಕತ್ತು ಸಲೀಸಾಗಿ ಹೋಯ್ತು. ಸೊಂಟ ಮಾತ್ರ ಕಲ್ಲು. ಅಲ್ಲಾಡಬಾರದು ಅಂತ ಗುರುಗಳು ಚಿಕ್ಕಂದಿನಿಂದ ಕೂರಿಸಿದ್ದ ಸೊಂಟ, ಬಿಡಿಸಿಕೊಳ್ಳೋಕೆ ಆರು ತಿಂಗಳು ಹಿಡೀತು.

ಅದಕ್ಕಿಂತ ಕಷ್ಟವಾಗಿದ್ದು ತಾಳ. ಎಂಟು ಎಣಿಕೆಯ ಆದಿತಾಳದಲ್ಲಿ 1, 5, 7ಕ್ಕೆ ಕೈ ತಟ್ಟಿ ಬೆಳೆದವರು ನಾವು. ಸ್ವಿಂಗ್ ಅನ್ನೋ ಕುಣಿಸೋ ಜಾಜ್ ಸಂಗೀತಕ್ಕೆ ನಾಲ್ಕರ ಎಣಿಕೆಯಲ್ಲಿ 2 ಮತ್ತು 4ಕ್ಕೆ ತಟ್ಟಬೇಕು. ಮೊದಲ ಎಣಿಕೆಗೆ ಕೈ ತಾನಾಗೇ ಏಳುತ್ತೆ, ಅದನ್ನ ತಡೀಬೇಕು. ಕಾರಲ್ಲಿ, ಅಡುಗೆಮನೇಲಿ ತೊಡೆ ತಟ್ಟಿಕೊಂಡೇ ರೂಢಿ ಮಾಡಿಕೊಂಡೆ. ಒಂದು ದಿನ ಅದು ಮೈಗೆ ಬಂತು ನೋಡು, ಆ ಖುಷಿ ಅರಂಗೇಟ್ರಂ (ರಂಗಪ್ರವೇಶ) ದಿನದ್ದಕ್ಕೆ ಕಡಿಮೆಯಲ್ಲ.

ಆಮೇಲೆ ಗೊತ್ತಾಯ್ತು, ರಂಗದ ಜಾಜ್ ನೃತ್ಯಕ್ಕೆ ರೂಪ ಕೊಟ್ಟ ಜ್ಯಾಕ್ ಕೋಲ್ 1911ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಅಂತ. ಆತ ಭರತನಾಟ್ಯ ಕಲಿತು, ಆ ಕತ್ತು, ಕಣ್ಣು, ಹಸ್ತಗಳನ್ನ ಸ್ವಿಂಗ್ ಸಂಗೀತಕ್ಕೆ ಕೂರಿಸಿದವನು. ಹಾಲಿವುಡ್ ತಾರೆ ಮರ್ಲಿನ್ ಮನ್ರೋಗೆ ಕುಣಿತ ಹೇಳಿಕೊಟ್ಟವನೂ ಅವನೇ. ಹಾಗಾಗಿ ಆ ಕ್ಲಾಸಲ್ಲಿ ನಿನ್ನ ವಿದ್ಯೆಯ ಒಂದು ಎಳೆ ನಿನಗಿಂತ ಮುಂಚೆಯೇ ಬಂದು ಕೂತಿರುತ್ತೆ.

ಆದರೆ ಕೋಲ್‌ನನ್ನ ಜಾಜ್ ನೃತ್ಯದ ಪಿತಾಮಹ ಅಂತ ಕರೆಯೋದನ್ನ ನಾನು ಒಪ್ಪಲ್ಲ. ಅವನಿಗೆ ಮುಂಚೆ ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ ಕಪ್ಪು ಜನ ಇದ್ದರು. 1926ರಲ್ಲಿ ಲೆನಾಕ್ಸ್ ಅವೆನ್ಯೂನಲ್ಲಿ ಸವಾಯ್ ಬಾಲ್‌ರೂಂ ಅನ್ನೋ ಕುಣಿತದ ಸಭಾಂಗಣ ತೆರೆದಾಗ ಕಪ್ಪುಬಿಳಿ ಭೇದವಿಲ್ಲದೆ ಎಲ್ಲರೂ ಕುಣಿಯೋಕೆ ಬರ್ತಿದ್ದರು. ಜೊತೆಗಾತಿಯನ್ನ ಬೆನ್ನ ಮೇಲಿಂದ ಗಾಳಿಗೆ ತೂರಿ ಇಳಿಸೋ ಪಟ್ಟನ್ನ 1935ರ ಹೊತ್ತಿಗೆ ಅಲ್ಲಿ ಕಟ್ಟಿದವನು ಫ್ರ್ಯಾಂಕಿ ಮ್ಯಾನಿಂಗ್. ಸ್ವಿಂಗ್ ಕಾಲ ಮುಗಿದ ಮೇಲೆ ಆತ ಸುಮಾರು ಮೂವತ್ತು ವರ್ಷ ಅಂಚೆ ಇಲಾಖೆಯಲ್ಲಿ ದುಡಿದ. 1980ರ ದಶಕದಲ್ಲಿ ಆ ಕುಣಿತ ಕಲಿಯೋ ಆಸೆಯ ಹೊಸ ತಲೆಮಾರಿನವರು ಹುಡುಕಿಕೊಂಡು ಹೋದಾಗ ಮತ್ತೆ ಕಲಿಸೋಕೆ ಶುರುಮಾಡಿದ. ಇದನ್ನ ಓದಿದಾಗ ನಮ್ಮ ದೇವದಾಸಿಯರೇ ಕಣ್ಮುಂದೆ ಬಂದರು. ಅವರ ಕೈಯಲ್ಲಿ ಉಳಿದ ನಾಟ್ಯವನ್ನ ಕಲಿತ ನಾವು ರಂಗದ ಮೇಲೆ ಅವರ ಹೆಸರು ಎಷ್ಟು ಸಲ ಹೇಳಿದ್ದೀವಿ? ಈ ಪ್ರಶ್ನೆ ನನಗೆ ಮೈಸೂರಲ್ಲಿ ಹುಟ್ಟಲಿಲ್ಲ, ಹಾರ್ಲೆಮ್‌ನಲ್ಲಿ ಹುಟ್ಟಿತು.

ಕ್ಲಾಸಲ್ಲಿ ಬ್ಯಾಲೆಯ ಪಟ್ಟುಗಳೂ ಬರುತ್ತೆ, ಹಿಪ್‌ಹಾಪ್ ಕೂಡ ಸೇರಿಕೊಂಡಿದೆ, ಗಾಬರಿಯಾಗಬೇಡ. ಬೆಳಿಗ್ಗೆ ಅರ್ಧ ಗಂಟೆ ಅಡವು ಬಿಡಬೇಡ, ಕೆಳಗಿನವರಿಗೆ ಕೇಳದ ಹಾಗೆ ಚಾಪೆ ಹಾಸಿಕೊಂಡು ಮಾಡು.

ಮುಂದಿನ ಶನಿವಾರ ಬಿಡುವಿದ್ದರೆ ಎಡಿಸನ್ ಸ್ಟೇಷನ್‌ಗೆ ಬಾ, ನಾನೂ ಬರ್ತೀನಿ. ರೈಲಲ್ಲಿ ಹೋಗಿ ನ್ಯೂಯಾರ್ಕ್‌ನ ಪೆನ್ ಸ್ಟೇಷನ್‌ನಲ್ಲಿ ಇಳಿದು 2 ಅಥವಾ 3ನೇ ನಂಬರ್ ಸಬ್‌ವೇ ಹಿಡಿದರೆ 135ನೇ ಬೀದಿ. ಅಲ್ಲಿಂದ ನಾಲ್ಕೈದು ಬೀದಿ ನಡೆದರೆ ಸವಾಯ್ ಇದ್ದ ಜಾಗ. ಕಟ್ಟಡ ಹೋಗಿದೆ, ಒಂದು ಫಲಕ ಉಳಿದಿದೆ. ಬುತ್ತಿಗೆ ಪುಳಿಯೋಗರೆ ನಾನು ತರ್ತೀನಿ.