ಓದುಗರ ಪ್ರಶ್ನೆ: ಅರವಟ್ಟಿಗೆಗೆ ನಲ್ಲಿ ಇರುವ ಮಜ್ಜಿಗೆ ಡ್ರಮ್ಮು

ಪ್ರಶ್ನೆ: ರಾಮನವಮಿಗೆ ನಮ್ಮ ಬೀದಿಯ ಅರವಟ್ಟಿಗೆಯಲ್ಲಿ ಮಜ್ಜಿಗೆ ಹಂಚುತ್ತೇವೆ. 100 ಲೀಟರಿನ ತಂಪು ಡ್ರಮ್ಮನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸುವ ಯೋಚನೆಯಿದೆ. ಗೋಡೆ ಎಷ್ಟು ದಪ್ಪ ಇರಬೇಕು? ಐಸ್ ಎಷ್ಟು ಬೇಕು?
(ತುಮಕೂರಿನ ಓದುಗರು)

ಉತ್ತರ: ಒಳಪಾತ್ರೆ 45 ಸೆಂ.ಮೀ. ಅಗಲ, 65 ಸೆಂ.ಮೀ. ಎತ್ತರವಿರಲಿ; 100 ಲೀಟರ್ ಹಿಡಿದು ಮೇಲೆ ಒಂದು ಬೆರಳಿನಷ್ಟು ಜಾಗ ಉಳಿಯುತ್ತದೆ. ಹುಳಿ ತಾಗುವ ಪಾತ್ರೆಯಾದ್ದರಿಂದ ಅಲ್ಯೂಮಿನಿಯಂ, ಜಿಐ (ಸತು ಲೇಪಿಸಿದ ಕಬ್ಬಿಣ) ತಗಡು ಬೇಡ, ಎಸ್‌ಎಸ್ 304 ಎಂಬ ಸ್ಟೇನ್‌ಲೆಸ್ ಸ್ಟೀಲ್ ತಗಡೇ ಆಗಬೇಕು. ಸುತ್ತಲೂ, ತಳಕ್ಕೂ, ಮುಚ್ಚಳಕ್ಕೂ 50 ಮಿ.ಮೀ. ಪಫ್ (ಎರಡು ದ್ರವ ಬೆರೆಸಿದಾಗ ಉಬ್ಬಿ ಗಟ್ಟಿಯಾಗುವ ಪಾಲಿಯುರೆಥೇನ್ ನೊರೆ) ಹಾಕಿಸಿ. ಮುಚ್ಚಳವನ್ನು ಬರೀ ತಗಡಿನಲ್ಲಿ ಮಾಡಿ ಬಿಟ್ಟರೆ ಗೋಡೆಗೆ ಹಾಕಿದ ದುಡ್ಡು ಅರ್ಧ ದಂಡ. ಥರ್ಮಾಕೋಲ್ ಆದರೆ ಅಷ್ಟೇ ತಂಪಿಗೆ ಸುಮಾರು ಒಂದೂವರೆ ಪಟ್ಟು ದಪ್ಪ ಬೇಕಾಗುತ್ತದೆ.

ಹೊರಗೆ 36 ಡಿಗ್ರಿ, ಒಳಗೆ 6 ಡಿಗ್ರಿ ಇದ್ದಾಗ ಈ ಗೋಡೆ ದಾಟಿ ಒಳಬರುವ ಶಾಖ ಸುಮಾರು 21 ವ್ಯಾಟ್. ಆರು ಗಂಟೆ ಕಳೆದರೂ ತುಂಬಿದ ಡ್ರಮ್ಮಿನ ಮಜ್ಜಿಗೆ ಒಂದು ಡಿಗ್ರಿಯ ಆಸುಪಾಸಷ್ಟೇ ಏರುತ್ತದೆ; ಅದನ್ನು ತಡೆಯಲು ಒಂದೂವರೆ ಕಿಲೊ ಐಸ್ ಸಾಕು. ಅದೇ 28 ಡಿಗ್ರಿಯ 100 ಲೀಟರ್ ಮಜ್ಜಿಗೆ ಸುರಿದು 6 ಡಿಗ್ರಿಗೆ ಇಳಿಸಬೇಕೆಂದರೆ 25 ಕಿಲೊ ಐಸ್ ಬೇಕು. ಐಸ್ ಖರ್ಚಾಗುವುದು ಮಜ್ಜಿಗೆಯನ್ನು ತಣ್ಣಗೆ ಮಾಡುವುದಕ್ಕೆ, ತಣ್ಣಗಿಡುವುದಕ್ಕಲ್ಲ. ಹಾಗಾಗಿ ಗೋಡೆಯನ್ನು 75 ಮಿ.ಮೀ.ಗೆ ಏರಿಸಿದರೂ ಉಳಿಯುವುದು ಅರ್ಧ ಕಿಲೊ ಐಸ್ ಮಾತ್ರ.

ಐಸನ್ನು ಮೇಲಿಂದ ಹಾಕಿ ಮಜ್ಜಿಗೆ ನೀರು ಮಾಡಿಕೊಳ್ಳಬೇಡಿ, ನೀರಿನ ಲೆಕ್ಕದಲ್ಲೇ ಹಿಡಿಯಿರಿ: 25 ಲೀಟರ್ ಮೊಸರು, 55 ಲೀಟರ್ ನೀರು, 20 ಕಿಲೊ ಐಸ್. ಐಸ್ ಕುಡಿಯುವ ನೀರಿನದೇ ಆಗಿರಬೇಕು; ಮೀನು ಸಾಗಿಸಲು ಮಾಡಿದ ಐಸ್ ಖಂಡಿತ ಬೇಡ. ಒಳ್ಳೆಯ ಐಸ್ ಸಿಗದ ಊರಾದರೆ ಮೊಸರನ್ನೂ ನೀರನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು 10 ಡಿಗ್ರಿಗೆ ತನ್ನಿ. ಆಮೇಲೆ ತಳ ಮುಚ್ಚಿದ, 15 ಸೆಂ.ಮೀ. ಅಗಲದ ಸ್ಟೀಲ್ ಕೊಳವೆಗೆ ಐಸ್ ತುಂಬಿ ಮಜ್ಜಿಗೆಯ ಮೇಲ್ಭಾಗದಲ್ಲಿ ಮುಳುಗುವಂತೆ ಮುಚ್ಚಳದಿಂದ ಇಳಿಬಿಡಿ. ತಣ್ಣಗಾದದ್ದು ಕೆಳಗಿಳಿದು, ಬೆಚ್ಚಗಿನದು ಮೇಲೆ ಬಂದು ತಾನೇ ತಿರುಗುತ್ತದೆ. ಆ ಐಸಿಗೆ ಉಪ್ಪು ಬೆರೆಸಿದರೆ ಕೊಳವೆಯ ಸುತ್ತ ಮಜ್ಜಿಗೆ ಗಡ್ಡೆಕಟ್ಟುತ್ತದೆ.

ನನ್ನ ಸಲಹೆ ಕೇಳಿದರೆ, 100ರ ಒಂದು ಡ್ರಮ್ಮಿಗಿಂತ 50ರ ಎರಡು ಮೇಲು. ಶಾಖ ಕಾಲುಭಾಗ ಹೆಚ್ಚು ಒಳಬರುತ್ತದೆ, ನಿಜ. ಆದರೆ ತುಂಬಿದ ದೊಡ್ಡ ಡ್ರಮ್ಮನ್ನು ನಾಲ್ಕು ಜನ ಎತ್ತಬೇಕು. ಒಂದು ಖಾಲಿಯಾಗುವವರೆಗೆ ಇನ್ನೊಂದನ್ನು ಮುಚ್ಚಿಯೇ ಇಡಬಹುದು.

ಪ್ರಶ್ನೆ: ಎರಡು ಪಾತ್ರೆಗಳ ನಡುವೆ ಪಫ್ ಸುರಿದಾಗ ಒಳಪಾತ್ರೆ ಒಂದು ಕಡೆ ತಗ್ಗಿಹೋಯಿತು. ಏಕೆ?
(ಹುಬ್ಬಳ್ಳಿಯ ಓದುಗರು)

ಉತ್ತರ: ಎರಡು ದ್ರವ ಸೇರಿ ಉಬ್ಬುವಾಗ ಒತ್ತಡ ಜೋರಾಗಿರುತ್ತದೆ, ತೆಳು ತಗಡು ತಡೆಯುವುದಿಲ್ಲ. ಮೇಲೆ ಹೇಳಿದ ಅಳತೆಯ ಡ್ರಮ್ಮಿನ ಸಂದು ಸುಮಾರು 63 ಲೀಟರ್. ಅದಕ್ಕೆ ಎರಡೂ ದ್ರವ ಸೇರಿ ಎರಡೂವರೆ ಕಿಲೊ ಬೇಕು. ಒಂದೇ ಸಲ ಸುರಿಯದೆ ಮೂರು ಕಂತು ಮಾಡಿ, ಒಂದು ಕಂತು ಉಬ್ಬಿ ಗಟ್ಟಿಯಾದ ಮೇಲೆ ಮುಂದಿನದನ್ನು ಸುರಿಯಿರಿ. ಗಾಳಿ ಹೊರಹೋಗಲು ಮೇಲಂಚಿನಲ್ಲಿ ನಾಲ್ಕು ತೂತು ಬಿಡಿ. ಒಳಪಾತ್ರೆಗೆ ಉಗುರುಬೆಚ್ಚನೆ ನೀರು ತುಂಬಿಸಿಟ್ಟರೆ ಅದು ಒತ್ತಡಕ್ಕೆ ಎದುರು ನಿಲ್ಲುತ್ತದೆ. ತಣ್ಣೀರು ತುಂಬಿದರೆ ತಗಡಿಗೆ ತಾಗಿದ ಪಫ್ ಸರಿಯಾಗಿ ಉಬ್ಬದೆ ಉದುರುತ್ತದೆ. ಆ ಎರಡರಲ್ಲಿ ಒಂದಾದ ಐಸೊಸಯನೇಟ್ ದ್ರವದ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಯಲಲ್ಲೇ ಮಾಡಿ, ರಾಸಾಯನಿಕ ಆವಿ ತಡೆಯುವ ಮಾಸ್ಕ್, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ಪ್ರಶ್ನೆ: ಮಜ್ಜಿಗೆ ಮೊದಲು ಜೋರಾಗಿ ಬಂದು, ಆಮೇಲೆ ನಿಂತೇ ಹೋಗುತ್ತದೆ. ನಲ್ಲಿಯ ಬುಡದಲ್ಲೂ ಒಸರುತ್ತದೆ.
(ಹಾಸನದ ಓದುಗರು)

ಉತ್ತರ: ಮೊದಲು ಮುಚ್ಚಳ ಸಡಿಲಿಸಿ ನೋಡಿ. ಹರಿವು ಮರಳಿ ಬಂದರೆ ಒಳಗೆ ಗಾಳಿ ಹೋಗುತ್ತಿರಲಿಲ್ಲ ಎಂದರ್ಥ. ಮುಚ್ಚಳಕ್ಕೆ 6 ಮಿ.ಮೀ. ತೂತು ಕೊರೆದು ಸಣ್ಣ ಜಾಲರಿ ಕೂರಿಸಿ. ಬಾರದಿದ್ದರೆ ಕರಿಬೇವು, ಶುಂಠಿ, ಮೊಸರಿನ ಗಂಟು ನಲ್ಲಿಯಲ್ಲಿ ಸಿಕ್ಕಿಕೊಂಡಿವೆ. ಒಗ್ಗರಣೆಯನ್ನೂ ಮಸಾಲೆಯನ್ನೂ ಬಟ್ಟೆಯಲ್ಲಿ ಸೋಸಿಯೇ ಹಾಕಿ, ಮುಕ್ಕಾಲು ಇಂಚಿನ ನಲ್ಲಿ ಬಳಸಿ. ಮಟ್ಟ ಇಳಿದಂತೆ ಹರಿವು ಕುಗ್ಗುವುದು ಸಹಜ: ನಲ್ಲಿಯ ಮೇಲಿನ ಎತ್ತರ ಕಾಲುಭಾಗಕ್ಕೆ ಬಂದಾಗ ವೇಗ ಅರ್ಧವಾಗುತ್ತದೆ. ಮಜ್ಜಿಗೆ ತಳ ಕಟ್ಟುತ್ತದೆ, ಆಗಾಗ ಕದಡಬೇಕು.

ಒಸರುವುದು ಹೆಚ್ಚು ಕೆಟ್ಟದ್ದು. ನಟ್ಟು ಬಿಗಿದಷ್ಟೂ ಹೊರತಗಡು ಪಫ್ಪನ್ನು ಅದುಮಿ ಒಳಗೆ ಹೋಗುತ್ತದೆ, ವಾಷರ್ ಸಡಿಲವಾಗುತ್ತದೆ, ಮಜ್ಜಿಗೆ ಪಫ್ಪಿಗೆ ಇಳಿಯುತ್ತದೆ. ಒದ್ದೆ ಪಫ್ ತಂಪು ಕಾಯುವುದಿಲ್ಲ, ಹುಳಿ ವಾಸನೆಯೂ ಹೋಗುವುದಿಲ್ಲ. ಒಳಪಾತ್ರೆಗೇ ಒಂದು ಸ್ಟೀಲ್ ಪೈಪಿನ ತುಂಡು ವೆಲ್ಡ್ ಮಾಡಿಸಿ, ಅದನ್ನು ಗೋಡೆಯಾಚೆ ತಂದು ಅಲ್ಲಿ ನಲ್ಲಿ ತಿರುಗಿಸಿ. ಆಗ ಬಿಗಿತವೆಲ್ಲ ಪೈಪಿನ ಮೇಲೆ, ಗೋಡೆಯ ಮೇಲಲ್ಲ. ಪಫ್ ಸುರಿಯುವ ಮುಂಚೆ ನೀರು ತುಂಬಿಸಿ ಒಂದು ರಾತ್ರಿ ಇಟ್ಟು ಪರೀಕ್ಷಿಸಬೇಕು; ಆಮೇಲೆ ಆ ವೆಲ್ಡ್ ಕೈಗೆ ಸಿಗುವುದಿಲ್ಲ. ಪೂರ್ತಿ ಬಿಚ್ಚಿ ತೊಳೆಯಲು ಬರುವ ನಲ್ಲಿಯನ್ನೇ ಕೊಳ್ಳಿ. ಬ್ಲೀಚಿಂಗ್ ಪುಡಿಯ ನೀರನ್ನು ರಾತ್ರಿಯಿಡೀ ಬಿಟ್ಟರೆ ಸ್ಟೀಲಿಗೂ ಚುಕ್ಕೆಚುಕ್ಕೆಯಾಗಿ ತೂತು ಬೀಳುತ್ತದೆ.

ಪ್ರಶ್ನೆ: ಡ್ರಮ್ಮಿಗೆ ಒದ್ದೆ ಗೋಣಿಚೀಲ ಸುತ್ತಿದರೆ ಉಪಯೋಗವೇ?
(ಕಲಬುರಗಿಯ ಓದುಗರು)

ಉತ್ತರ: ನಿಮ್ಮ ಕಡೆಯ ಒಣ ಬಿಸಿಲಿಗೆ ಉಪಯೋಗ ಇದೆ, ನೀರು ಬೇಗ ಆರಿ ಹೊರತಗಡು ತಣಿಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟು ಫಲವಿಲ್ಲ. ಎರಡು ಕಡೆಯೂ ನೆರಳು ಮೊದಲು, ಗೋಣಿ ಆಮೇಲೆ.

ಪ್ರಶ್ನೆ: ಇದೇ ಡ್ರಮ್ಮಿನಲ್ಲಿ ಮದುವೆಗೆ ಬಿಸಿ ಕಾಫಿ ತುಂಬಬಹುದೇ?
(ಮೈಸೂರಿನ ಓದುಗರು)

ಉತ್ತರ: ತುಂಬಬಹುದು. ಮುಚ್ಚಳದ ತೂತು ತೆರೆದಿರಲಿ, ಹಬೆ ಹೋಗಬೇಕು. ಹಾಲು ಬೆರೆತ ಕಾಫಿ 60 ಡಿಗ್ರಿಗಿಂತ ಕೆಳಗಿಳಿದು ಗಂಟೆಗಟ್ಟಲೆ ನಿಲ್ಲಬಾರದು. ಸುರಿಯುವ ಮೊದಲು ಕುದಿನೀರಿನಿಂದ ಡ್ರಮ್ಮನ್ನು ಬಿಸಿ ಮಾಡಿಕೊಳ್ಳಿ. ಸಿಲಿಕೋನ್ ವಾಷರುಗಳು ಕಾಫಿಯ ವಾಸನೆ ಹಿಡಿಯುತ್ತವೆ, ಮಜ್ಜಿಗೆಗೆ ಬೇರೆ ಜೊತೆ ಇಟ್ಟುಕೊಳ್ಳಿ.